ಎಂಟು ವಾರ, 63 ಗಂಟೆ: ಮೈಂಡ್‌ಫುಲ್‌ನೆಸ್ ಕೋರ್ಸಿನ ನನ್ನ ಲೆಕ್ಕ

ಎರಡನೇ ವಾರದ ಕ್ಲಾಸಿನಿಂದ ನಾನು ಅರ್ಧಕ್ಕೇ ಎದ್ದು ಓಡಿದೆ. ಚಾಪೆಯ ಮೇಲೆ ಅಂಗಾತ ಮಲಗಿದ್ದೆ. ಲ್ಯಾಪ್‌ಟಾಪಿನಿಂದ ಟೀಚರ್ ದನಿ ಮೆಲ್ಲಗೆ ಬರುತ್ತಿತ್ತು. ಎಡಗಾಲಿನ ಬೆರಳುಗಳಿಂದ ಶುರು ಮಾಡಿ, ಮೈಯ ಒಂದೊಂದೇ ಭಾಗಕ್ಕೆ ಗಮನ ಕೊಡುತ್ತಾ ಮೇಲೆ ಬರುತ್ತಿದ್ದೆವು. ಮೊಣಕಾಲು ಆಯಿತು, ಸೊಂಟ ಆಯಿತು, ಹೊಟ್ಟೆ ಆಯಿತು. "ಈಗ ಎದೆಯ ಕಡೆ ಗಮನ ತನ್ನಿ" ಅಂದರು. ಗಮನ ತಂದೆ. ಎದೆಬಡಿತ ಒಂದು ಸಲ ಎಡವಿದ ಹಾಗಾಯಿತು. ಅಷ್ಟೇ ಸಾಕಾಯಿತು. ಅಂಗೈ ಬೆವರಿತು, ಗಂಟಲು ಬಿಗಿಯಿತು, ಬೆರಳ ತುದಿ ಜುಮ್ಮೆಂದಿತು. "ಉಸಿರನ್ನು ಬದಲಾಯಿಸಬೇಡಿ, ಸುಮ್ನೆ ಗಮನಿಸಿ" ಅಂತ ಟೀಚರ್ ಹೇಳುತ್ತಲೇ ಇದ್ದರು. ಗಮನಿಸಿದಷ್ಟೂ ಉಸಿರು ಕಟ್ಟಿತು. ಕ್ಯಾಮೆರಾ ಆಫ್ ಮಾಡಿ, ಬಾತ್‌ರೂಮಿಗೆ ಹೋಗಿ, ನಲ್ಲಿ ತಿರುಗಿಸಿ ಮಣಿಕಟ್ಟಿನ ಮೇಲೆ ತಣ್ಣೀರು ಬಿಟ್ಟುಕೊಂಡು ನಿಂತೆ.

ಆತಂಕ ಕಡಿಮೆ ಮಾಡಿಕೊಳ್ಳಲು ಸೇರಿದ ಕೋರ್ಸಿನಲ್ಲೇ ಪ್ಯಾನಿಕ್ ಅಟ್ಯಾಕ್! ಆವತ್ತೇ ಕೂತು ಬರೆದಿದ್ದರೆ ಒಂದು ಸ್ಟಾರ್ ಕೊಟ್ಟು ಮುಗಿಸುತ್ತಿದ್ದೆ. ಬರೆಯಲಿಲ್ಲ. ಎಂಟು ವಾರ ಪೂರ್ತಿ ಮಾಡಿದೆ. ಅದಾಗಿ ಆರು ತಿಂಗಳು ಕಳೆದಿದೆ. ಹಾಗಾಗಿ ಲೆಕ್ಕ ಸ್ವಲ್ಪ ಉದ್ದ ಇದೆ.

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕೋರ್ಸ್ ಯಾರಿಗೆ ಒಗ್ಗುತ್ತದೆ ಅನ್ನುವುದು ಅದರ ಮೇಲೇ ನಿಂತಿದೆ. ವಯಸ್ಸು 43. ಲೆಕ್ಕಪತ್ರ ತಪಾಸಣೆ ನನ್ನ ಕೆಲಸ. ಬೇರೆಯವರು ಬರೆದ ಅಂಕಿಗಳಲ್ಲಿ ತಪ್ಪು ಹುಡುಕಿದ್ದಕ್ಕೆ ನನಗೆ ಸಂಬಳ ಕೊಡುತ್ತಾರೆ. ಅದೇ ಕೆಲಸವನ್ನು ತಲೆ ರಾತ್ರಿ ಎರಡು ಗಂಟೆಗೂ ಮಾಡುತ್ತದೆ, ಸಂಬಳ ಇಲ್ಲದೆ. ನಾಳೆ ಏನು ತಪ್ಪಾಗಬಹುದು, ನಿನ್ನೆ ಹೇಳಿದ ಮಾತು ಯಾರಿಗೆ ನೋವಾಗಿರಬಹುದು, ಅಕ್ಕ ಫೋನ್ ಎತ್ತಲಿಲ್ಲ ಅಂದರೆ ಏನಾಗಿರಬಹುದು. ಆರು ವರ್ಷದ ಹಿಂದೆ ಡಾಕ್ಟರ್ ಇದಕ್ಕೆ ಜನರಲೈಸ್ಡ್ ಆಂಗ್ಸೈಟಿ ಡಿಸಾರ್ಡರ್ ಅಂತ ಹೆಸರು ಕೊಟ್ಟರು. ಜೊತೆಗೆ ಆಗೀಗ ಪ್ಯಾನಿಕ್. ಅದಕ್ಕೂ ಮುಂಚೆ ಇಸಿಜಿ, ಥೈರಾಯ್ಡ್ ಪರೀಕ್ಷೆ ಎಲ್ಲ ಮಾಡಿಸಿಯಾಗಿತ್ತು. ಎಲ್ಲವೂ ಸರಿ ಇತ್ತು. ಸರಿ ಇದೆ ಅಂದಾಗ ನೆಮ್ಮದಿ ಆದದ್ದು ಒಂದೇ ದಿನ. ಮಾರನೇ ದಿನ "ಯಂತ್ರ ಕೆಟ್ಟಿದ್ದರೆ?" ಅಂತ ಶುರುವಾಯಿತು.

ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕೋರ್ಸಿನ ಉದ್ದಕ್ಕೂ ತೆಗೆದುಕೊಂಡೆ. ಅದನ್ನು ಮುಚ್ಚಿಟ್ಟು "ಧ್ಯಾನದಿಂದ ವಾಸಿಯಾದೆ" ಅಂದರೆ ಲೆಕ್ಕ ತಪ್ಪುತ್ತದೆ.

ನಾನು ಸೇರಿದ್ದು ಎಂಬಿಎಸ್‌ಆರ್ ಮಾದರಿಯ ಆನ್‌ಲೈನ್ ಕೋರ್ಸ್. ಮೈಂಡ್‌ಫುಲ್‌ನೆಸ್ ಮೂಲಕ ಒತ್ತಡ ತಗ್ಗಿಸುವುದು ಅಂತ ಆ ಹೆಸರಿನ ಅರ್ಥ. ಮೈಂಡ್‌ಫುಲ್‌ನೆಸ್ ಅಂದರೆ ಈ ಕ್ಷಣ ಆಗುತ್ತಿರುವುದನ್ನು ಸರಿ ತಪ್ಪು ಅನ್ನದೆ ಗಮನಿಸುವುದು. ಇದನ್ನು ಶುರು ಮಾಡಿದವರು ಜಾನ್ ಕಬಟ್-ಜಿನ್. ಓದಿದ್ದು ಮಾಲೆಕ್ಯುಲರ್ ಬಯಾಲಜಿ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ, ದೀರ್ಘಕಾಲದ ನೋವಿಗೆ ಔಷಧಿಯಿಂದ ಹೆಚ್ಚೇನೂ ಗುಣ ಕಾಣದ ರೋಗಿಗಳಿಗೆ ಹೇಳಿಕೊಡಲು ಕಟ್ಟಿದ ಪಾಠ ಇದು. ಪಾಠ ಅನ್ನುವ ಮಾತು ಮುಖ್ಯ. ಇದು ಚಿಕಿತ್ಸೆಯ ರೂಪದಲ್ಲಿ ಇಲ್ಲ. ಕ್ಲಾಸಿದೆ, ಹೋಮ್‌ವರ್ಕ್ ಇದೆ, ಹಾಜರಿ ಇದೆ. ನಿಮ್ಮ ಕಥೆ ಕೇಳಿ ನಿಮಗೊಬ್ಬರಿಗೇ ಪರಿಹಾರ ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ. ಕೌನ್ಸೆಲಿಂಗ್ ಅಂದುಕೊಂಡು ಬಂದವರು ಮೂರನೇ ವಾರಕ್ಕೆ ಬಿಟ್ಟುಹೋದರು. ನನಗೆ ಮಾತ್ರ ಅದೇ ಇಷ್ಟವಾಯಿತು. ನನ್ನ ಬಾಲ್ಯವನ್ನು ಯಾರೂ ಕೆದಕಲಿಲ್ಲ.

ಈಗ ಗಂಟೆಯ ಲೆಕ್ಕ. ವಾರಕ್ಕೊಂದು ಕ್ಲಾಸ್, ಎರಡೂವರೆ ಗಂಟೆ. ಎಂಟು ವಾರಕ್ಕೆ 20 ಗಂಟೆ. ಆರನೇ ಮತ್ತು ಏಳನೇ ವಾರದ ನಡುವೆ ಇಡೀ ದಿನದ ಮೌನ, 7 ಗಂಟೆ. ಮನೆಯಲ್ಲಿ ದಿನಕ್ಕೆ 45 ನಿಮಿಷ, ವಾರಕ್ಕೆ ಆರು ದಿನ. ಎಂಟು ವಾರಕ್ಕೆ 36 ಗಂಟೆ. ಒಟ್ಟು 63. ಜಾಹೀರಾತಿನಲ್ಲಿ "ಎಂಟು ವಾರ" ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. ಆ 36 ಗಂಟೆ ಎಲ್ಲೋ ಕೆಳಗೆ ಸಣ್ಣದಾಗಿ ಇರುತ್ತದೆ. ಸೇರುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ದಿನಾ 45 ನಿಮಿಷ ಎಲ್ಲಿಂದ ತರುತ್ತೀರಿ? ನನ್ನ ನೋಟ್‌ಬುಕ್ಕಿನ ಪ್ರಕಾರ ಆ 36ರಲ್ಲಿ ನಾನು ಮಾಡಿದ್ದು 19 ಗಂಟೆ. ಅರ್ಧಕ್ಕಿಂತ ಚೂರು ಜಾಸ್ತಿ. ಅದರಲ್ಲಿ ನಿದ್ದೆ ಹೋದದ್ದು ಎಷ್ಟು ಅಂತ ಬರೆದಿಟ್ಟಿಲ್ಲ.

ಮೊದಲ ಕ್ಲಾಸಿನಲ್ಲಿ ಒಣದ್ರಾಕ್ಷಿ. ಈ ಕೋರ್ಸಿನ ಬಗ್ಗೆ ಯಾರನ್ನು ಕೇಳಿದರೂ ಒಣದ್ರಾಕ್ಷಿಯ ಕಥೆ ಹೇಳುತ್ತಾರೆ. ಒಂದೇ ಒಂದು ದ್ರಾಕ್ಷಿಯನ್ನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಮೂಸಿ, ಕಿವಿಯ ಹತ್ತಿರ ತಂದು ಹಿಸುಕಿ, ಆಮೇಲೆ ನಿಧಾನವಾಗಿ ತಿನ್ನುವುದು. ಕೆಲವರಿಗೆ ಕಣ್ಣು ತುಂಬಿ ಬಂತು. ನನಗೆ ಹಾಗೇನೂ ಆಗಲಿಲ್ಲ. ಕಿವಿಯ ಹತ್ತಿರ ತಂದಾಗ ನಗು ಬಂತು. ಒಂಬತ್ತು ಚುಕ್ಕಿಗಳನ್ನು ನಾಲ್ಕು ಗೆರೆಯಲ್ಲಿ ಸೇರಿಸುವ ಒಗಟನ್ನೂ ಕೊಟ್ಟರು. ಅದು ನನಗೆ ಮೊದಲೇ ಗೊತ್ತಿತ್ತು.

ನಿಜವಾದ ವಿಷಯ ಇರುವುದು ಆ ಎರಡನೇ ವಾರದಲ್ಲಿ.

ಮೈಂಡ್‌ಫುಲ್‌ನೆಸ್ ಅನ್ನುವ ಪದವನ್ನು ನಮ್ಮ ಟೀಚರ್ ಕನ್ನಡದಲ್ಲಿ "ಎಚ್ಚರ" ಅಂತ ಹೇಳುತ್ತಿದ್ದರು. ಪಾಲಿ ಭಾಷೆಯ ಸತಿ (ನೆನಪು, ಅರಿವು) ಅನ್ನುವ ಪದ ಇದರ ಮೂಲ. ಎಚ್ಚರ ಅನ್ನುವುದು ತಪ್ಪಲ್ಲ, ಕೇಳಲೂ ಚೆನ್ನಾಗಿದೆ. ಆದರೆ ಕನ್ನಡದಲ್ಲಿ ಎಚ್ಚರ ಅಂದರೆ ನಿದ್ದೆಯ ಎದುರು ಪದವೂ ಹೌದು, ಅಪಾಯ ಇದೆ ಅಂತ ಬೋರ್ಡಿನ ಮೇಲೆ ಬರೆಯುವ ಮಾತೂ ಹೌದು. ಆತಂಕದ ಕಾಯಿಲೆ ಇರುವವರಿಗೆ ಕೊರತೆ ಇಲ್ಲದ ವಸ್ತು ಏನಾದರೂ ಇದ್ದರೆ ಅದು ಎಚ್ಚರವೇ ಅಲ್ವಾ? ನಾನು ಇಪ್ಪತ್ತು ವರ್ಷದಿಂದ ಎಚ್ಚರವಾಗಿಯೇ ಇದ್ದೇನೆ. ರಾತ್ರಿಯೂ ಇದ್ದೇನೆ. ಎದೆಬಡಿತ, ಉಸಿರು, ತಲೆಯ ಹಗುರ, ಎಲ್ಲದಕ್ಕೂ ಕಾವಲು ನಿಂತಿದ್ದೇನೆ. ಅಂಥವಳಿಗೆ "ಎಚ್ಚರದಿಂದ ಎದೆಯನ್ನು ನೋಡಿ" ಅಂದರೆ ಏನು ಮಾಡುತ್ತಾಳೆ? ತಪಾಸಣೆಗೆ ಇಳಿಯುತ್ತಾಳೆ. ನಾನು ಮಾಡಿದ್ದು ಅದನ್ನೇ. ಆ ಅಭ್ಯಾಸಕ್ಕೆ ಬಾಡಿ ಸ್ಕ್ಯಾನ್ ಅನ್ನುವ ಹೆಸರು ಬೇರೆ. ಕಾಲಿನಿಂದ ತಲೆಯವರೆಗೆ ಎಲ್ಲಿ ಏನು ಕೆಟ್ಟಿದೆ ಅಂತ ಸಾಲು ಸಾಲಾಗಿ ನೋಡುತ್ತಾ ಬಂದೆ, ಎದೆಯಲ್ಲಿ ಒಂದು ತಪ್ಪು ಸಿಕ್ಕಿತು.

ಆಮೇಲೆ ನನ್ನ ಡಾಕ್ಟರ್ ಬಿಡಿಸಿ ಹೇಳಿದರು. ಪ್ಯಾನಿಕ್ ಇರುವವರು ಮೈಯ ಸಣ್ಣ ಬದಲಾವಣೆಯನ್ನೂ ಅಪಾಯ ಅಂತ ಓದಿಕೊಳ್ಳುತ್ತಾರೆ. ಓದಿಕೊಂಡ ತಕ್ಷಣ ಅಡ್ರಿನಾಲಿನ್ ಏರುತ್ತದೆ, ಬಡಿತ ಇನ್ನೂ ಜೋರಾಗುತ್ತದೆ, ಆ ಜೋರು ಬಡಿತವೇ ಅಪಾಯಕ್ಕೆ ಸಾಕ್ಷಿ ಅನ್ನಿಸುತ್ತದೆ. ಜೊತೆಗೆ ಬೇಗ ಬೇಗ ಉಸಿರಾಡಿದಾಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ. ಇಷ್ಟೇ. ಸಾಯುವಂಥದ್ದು ಏನೂ ಅಲ್ಲ. ಇಂಥವರು ಉಸಿರಿನಿಂದ ಧ್ಯಾನ ಶುರು ಮಾಡಲೇಬೇಕು ಅಂತ ಏನೂ ಇಲ್ಲ ಅಂದರು.

ಟೀಚರ್‌ಗೆ ಮೇಲ್ ಬರೆದೆ. ಅವರ ಉತ್ತರ ಚೆನ್ನಾಗಿತ್ತು, ಒಪ್ಪುತ್ತೇನೆ. ಮಲಗಬೇಡಿ, ಕುರ್ಚಿಯಲ್ಲಿ ಕೂರಿ. ಕಣ್ಣು ತೆರೆದೇ ಇಡಿ. ಎದೆ, ಉಸಿರು ಸದ್ಯಕ್ಕೆ ಬೇಡ. ಅಂಗಾಲು ನೆಲಕ್ಕೆ ತಾಗುವ ಜಾಗವನ್ನು ಗಮನಿಸಿ, ಇಲ್ಲ ಅಂದರೆ ಸುತ್ತಲಿನ ಸದ್ದು ಕೇಳಿಸಿಕೊಳ್ಳಿ. ಕಷ್ಟ ಅನ್ನಿಸಿದರೆ ನಿಲ್ಲಿಸಿ, ಎದ್ದು ನಡೆಯಿರಿ, ನಡಿಗೆಯೂ ಅಭ್ಯಾಸವೇ.

ಎಷ್ಟು ಸರಳವಾದ ಮಾತು! ಇದನ್ನು ಮೊದಲ ದಿನವೇ ಹೇಳಬಹುದಿತ್ತಲ್ಲ? ಸೇರುವಾಗ ತುಂಬಿಸಿಕೊಂಡ ಫಾರ್ಮಿನಲ್ಲಿ ಬೆನ್ನುನೋವು ಇದೆಯಾ ಅಂತ ಕೇಳಿದ್ದರು, ಮೊಣಕಾಲು ಮಡಚಲು ಆಗುತ್ತದಾ ಅಂತ ಕೇಳಿದ್ದರು. ಪ್ಯಾನಿಕ್ ಆಗುತ್ತದಾ, ಹಿಂದೆ ಏನಾದರೂ ದೊಡ್ಡ ಆಘಾತ ಆಗಿದೆಯಾ ಅಂತ ಒಂದು ಸಾಲೂ ಇರಲಿಲ್ಲ. ಜಾಹೀರಾತಿನಲ್ಲಿ ಮಾತ್ರ "ಆತಂಕ ಇರುವವರಿಗಾಗಿ" ಅಂತ ಇತ್ತು. ನನ್ನ ದೊಡ್ಡ ದೂರು ಇದು. ಒಂದು ಪೂರ್ತಿ ಸ್ಟಾರ್ ಇಲ್ಲಿಯೇ ಹೋಯಿತು.

ಅಂಗಾಲು ಕೆಲಸ ಮಾಡಿತು. ಯಾಕೆ ಅಂತ ಯೋಚಿಸಿದೆ. ಅಂಗಾಲಿನಿಂದ ಯಾರೂ ಸಾಯುವುದಿಲ್ಲ, ಅದಕ್ಕೇ ಇರಬೇಕು. ಅಲ್ಲಿ ತಪ್ಪು ಹುಡುಕಲು ಏನೂ ಇಲ್ಲ. ಬಿಸಿ, ತಣ್ಣಗೆ, ಒತ್ತು, ತುರಿಕೆ. ನೋಡಿದೆ, ಬಿಟ್ಟೆ. ಹತ್ತು ದಿನ ಹೀಗೆ ಮಾಡಿದ ಮೇಲೆ ಒಂದು ವ್ಯತ್ಯಾಸ ತಿಳಿಯಿತು: ನಾನು ಕಾವಲು ಕಾಯದೆ ಸುಮ್ನೆ ನೋಡುತ್ತಿದ್ದೆ. ಆಮೇಲೆ ಅದೇ ನೋಟವನ್ನು ಮೊಣಕಾಲಿಗೆ ತಂದೆ, ಕೈಗೆ ತಂದೆ. ಎದೆಯವರೆಗೆ ಬರಲು ಆರನೇ ವಾರ ಆಯಿತು. ಬಂದಾಗ ಬಡಿತ ಮತ್ತೆ ಎಡವಿತು. ನಾನು ಓಡಲಿಲ್ಲ. ಬೆವರಿದೆ, ಆದರೆ ಕೂತೇ ಇದ್ದೆ.

ಎಚ್ಚರ ಅನ್ನುವ ಬದಲು ಗಮನ ಅನ್ನಿ ಅಂತ ಟೀಚರ್‌ಗೆ ಹೇಳಿದೆ. ಅವರು ನಕ್ಕು, ಮುಂದಿನ ವಾರವೂ ಎಚ್ಚರ ಅಂತಲೇ ಅಂದರು.

ಕೋರ್ಸಿನಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಧ್ಯಾನ ಅಲ್ಲವೇ ಅಲ್ಲ, ಒಂದು ಹಾಳೆ. ಹಿತವಲ್ಲದ ಘಟನೆಗಳ ಪಟ್ಟಿ ಅಂತ ಮೂರನೇ ವಾರದ ಹೋಮ್‌ವರ್ಕ್. ಅದರ ಹಿಂದಿನ ವಾರ ಹಿತವಾದ ಘಟನೆಗಳದ್ದು ಇತ್ತು, ಅದು ಸಪ್ಪೆ. ಈ ಹಾಳೆಯಲ್ಲಿ ದಿನಕ್ಕೊಂದು ಸಾಲು. ಏನಾಯಿತು, ಆಗುತ್ತಿರುವಾಗಲೇ ನಿಮಗೆ ಗೊತ್ತಾಯಿತಾ, ಮೈಗೆ ಏನನ್ನಿಸಿತು, ಮನಸ್ಸಿಗೆ ಏನು ಬಂತು, ಈಗ ಬರೆಯುವಾಗ ಏನನ್ನಿಸುತ್ತಿದೆ. ಐದು ಕಾಲಮ್. ಕಾಲಮ್ ಕಂಡರೆ ನನಗೆ ಖುಷಿ. ಏಳು ದಿನ ಶ್ರದ್ಧೆಯಿಂದ ತುಂಬಿಸಿದೆ. ವಾರದ ಕೊನೆಗೆ ಮೇಲಿನಿಂದ ಕೆಳಗೆ ಓದಿದರೆ ಮೈಯ ಕಾಲಮಿನಲ್ಲಿ ಐದು ದಿನ ಒಂದೇ ಮಾತು: ದವಡೆ ಬಿಗಿ. ಮ್ಯಾನೇಜರ್ "ಸ್ವಲ್ಪ ಮಾತಾಡಬೇಕಿತ್ತು" ಅಂತ ಮೆಸೇಜ್ ಹಾಕಿದ ದಿನ, ದವಡೆ ಬಿಗಿ. ಅಕ್ಕ ಫೋನ್ ಎತ್ತದ ದಿನ, ದವಡೆ ಬಿಗಿ. ಲೆಕ್ಕದಲ್ಲಿ ಸಣ್ಣ ವ್ಯತ್ಯಾಸ ಬಂದ ದಿನ, ದವಡೆ ಬಿಗಿ. ಚಿಂತೆ ಶುರುವಾಗುವುದು ತಲೆಯಲ್ಲಿ ಅಂತ ನಾನು ನಂಬಿದ್ದೆ. ನನ್ನಲ್ಲಿ ಅದು ಹಲ್ಲಿನ ಹತ್ತಿರ ಶುರುವಾಗುತ್ತಿತ್ತು, ತಲೆಗೆ ಆಮೇಲೆ ಸುದ್ದಿ ಹೋಗುತ್ತಿತ್ತು.

ಈಗ ದವಡೆ ಬಿಗಿಯಾದರೆ ಗೊತ್ತಾಗುತ್ತದೆ. ಎಲ್ಲ ಸಲವೂ ಅಲ್ಲ. ಗೊತ್ತಾದಾಗ ಹತ್ತು ನಿಮಿಷ ಮುಂಚಿತವಾಗಿ ಗೊತ್ತಾಗುತ್ತದೆ, ಆ ಹತ್ತು ನಿಮಿಷದಲ್ಲಿ ಏನಾದರೂ ಮಾಡಬಹುದು. ಮೂರು ನಿಮಿಷದ ಒಂದು ಅಭ್ಯಾಸ ಹೇಳಿಕೊಟ್ಟಿದ್ದರು: ಮೊದಲು ಈಗ ಏನು ನಡೆಯುತ್ತಿದೆ ಅಂತ ನೋಡುವುದು, ಆಮೇಲೆ ಗಮನವನ್ನು ಉಸಿರಿನ ಒಂದು ಜಾಗಕ್ಕೆ ತರುವುದು, ಆಮೇಲೆ ಇಡೀ ಮೈಗೆ ಹರಡುವುದು. ಉಸಿರಿನ ಜಾಗದಲ್ಲಿ ನಾನು ಅಂಗಾಲು ಹಾಕಿಕೊಂಡೆ. ಈ ಮೂರು ನಿಮಿಷದ ಅಭ್ಯಾಸ ಮೂಲ ಎಂಬಿಎಸ್‌ಆರ್‌ನದ್ದಲ್ಲ. ಖಿನ್ನತೆ ಮತ್ತೆ ಮತ್ತೆ ಬರುವವರಿಗಾಗಿ ಝಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್, ಜಾನ್ ಟೀಸ್‌ಡೇಲ್ ಎಂಬ ಮೂವರು ರೂಪಿಸಿದ ಎಂಬಿಸಿಟಿ ಅನ್ನುವ ಕೋರ್ಸಿನಿಂದ ಬಂದದ್ದು. ಎಲ್ಲಿಂದ ಬಂದರೇನು, ಆಫೀಸಿನ ಮೆಟ್ಟಿಲ ಮೇಲೆ ನಿಂತು ಮಾಡಬಹುದಾದದ್ದು ಅದೊಂದೇ.

ಮೌನದ ದಿನದ ಬಗ್ಗೆ ಹೆದರಿಕೆ ಇತ್ತು. ಏಳು ಗಂಟೆ ಫೋನ್ ಇಲ್ಲ, ಮಾತಿಲ್ಲ, ಓದುವ ಹಾಗಿಲ್ಲ. ಮೊದಲ ಎರಡು ಗಂಟೆ, ಅಷ್ಟರಲ್ಲಿ ಯಾರಿಗೆ ಏನಾಗಿರಬಹುದು ಅಂತಲೇ ಕಳೆಯಿತು. ಮೂರನೇ ಗಂಟೆ ಕೂತಲ್ಲೇ ನಿದ್ದೆ. ಐದನೇ ಗಂಟೆಯಲ್ಲಿ ಒಂದು ವಿಚಿತ್ರ ಆಯಿತು: ಬೇಜಾರಾಯಿತು. ನೀವು ನಗಬಹುದು. ಆತಂಕ ಇರುವವರಿಗೆ ಬೇಜಾರಾಗುವುದಿಲ್ಲ, ಅದಕ್ಕೆ ಪುರುಸೊತ್ತೇ ಇರುವುದಿಲ್ಲ. ಕಿಟಕಿಯ ಗಾಜಿನ ಮೇಲೆ ಒಂದು ನೊಣ ಹತ್ತುತ್ತಿತ್ತು, ಜಾರುತ್ತಿತ್ತು. ಅದನ್ನು ನೋಡುತ್ತಾ ಆಕಳಿಸಿದೆ. ಎಷ್ಟೋ ವರ್ಷದ ಮೇಲೆ ಬಂದ ಬೇಜಾರು ಅದು. ಬಹಳ ಚೆನ್ನಾಗಿತ್ತು.

ಐದನೇ ವಾರದಲ್ಲಿ ನಡೆದದ್ದನ್ನು ಮಾತ್ರ ಕ್ಷಮಿಸಲು ಆಗಿಲ್ಲ. ಗುಂಪಿನಲ್ಲಿದ್ದ ಒಬ್ಬರು, ನನಗೀಗ ಹಗುರ ಅನ್ನಿಸುತ್ತಿದೆ, ಮಾತ್ರೆ ಬಿಡಬಹುದಾ ಅಂತ ಕೇಳಿದರು. "ನಿಮ್ಮ ದೇಹದ ಮಾತು ಕೇಳಿ" ಅಂದರು ಟೀಚರ್. ನನಗೆ ಮೈ ಉರಿಯಿತು. ಆತಂಕದ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ತಲೆ ಸುತ್ತುತ್ತದೆ, ತಲೆಯಲ್ಲಿ ಕರೆಂಟ್ ಹೊಡೆದ ಹಾಗಾಗುತ್ತದೆ, ಬಿಟ್ಟ ಆತಂಕ ಬಡ್ಡಿ ಸಮೇತ ವಾಪಸ್ ಬರಬಹುದು. ಒಂದು ಸಲ ಮಾಡಿ ನೋಡಿದವಳು ನಾನು. ಮೈಕ್ ಆನ್ ಮಾಡಿ "ಬರೆದುಕೊಟ್ಟ ಡಾಕ್ಟರನ್ನೇ ಕೇಳಿ ನಿಧಾನವಾಗಿ ಇಳಿಸಬೇಕು, ಇಲ್ಲಿ ಕೇಳಬೇಡಿ" ಅಂದೆ. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಟೀಚರ್ ಹೌದು ಹೌದು ಅಂದರು. ಆ ಉತ್ತರ ಮೊದಲು ಅವರ ಬಾಯಿಂದ ಬರಬೇಕಿತ್ತು. ಪಾಠ ಹೇಳುವವರಿಗೆ ತಮ್ಮ ಪಾಠದ ಗಡಿ ಗೊತ್ತಿರಬೇಕು. ಅರ್ಧ ಸ್ಟಾರ್ ಇದಕ್ಕೆ ಹೋಯಿತು.

ಇದೆಲ್ಲ ನಿಜವಾಗಿ ಕೆಲಸ ಮಾಡುತ್ತದಾ ಅಂತ ಸಂಶೋಧನೆಯನ್ನೂ ಓದಿದೆ, ವೃತ್ತಿಯ ಚಟ. 1992ರಲ್ಲಿ ಕಬಟ್-ಜಿನ್ ಅವರದ್ದೇ ತಂಡ ಆತಂಕ ಮತ್ತು ಪ್ಯಾನಿಕ್ ಇದ್ದ 22 ಜನರ ಫಲಿತಾಂಶ ಪ್ರಕಟಿಸಿತು. 20 ಜನರಲ್ಲಿ ಲಕ್ಷಣ ಇಳಿದಿತ್ತು. ಕೇಳಲು ಭರ್ಜರಿ. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪೇ ಇರಲಿಲ್ಲ. ತಾಳೆ ನೋಡದ ಲೆಕ್ಕಕ್ಕೆ ನಾನು ಸಹಿ ಹಾಕುವುದಿಲ್ಲ. 2022ರಲ್ಲಿ ಜಾಮಾ ಸೈಕಿಯಾಟ್ರಿ ಪತ್ರಿಕೆಯಲ್ಲಿ ಎಲಿಜಬೆತ್ ಹೋಜ್ ತಂಡದ ಅಧ್ಯಯನ ಬಂತು. ಅದು ಗಟ್ಟಿ. ಆತಂಕದ ಕಾಯಿಲೆ ಇದ್ದ 276 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಎಂಟು ವಾರ ಎಂಬಿಎಸ್‌ಆರ್, ಇನ್ನೊಂದಕ್ಕೆ ಆತಂಕಕ್ಕೆ ಕೊಡುವ ಎಸಿಟಾಲೋಪ್ರಾಮ್ ಮಾತ್ರೆ ಕೊಟ್ಟರು. ಒಂದರಿಂದ ಏಳರವರೆಗಿನ ತೀವ್ರತೆಯ ಅಳತೆಯಲ್ಲಿ ಕ್ಲಾಸಿನವರು ಸರಾಸರಿ 1.35 ಇಳಿದರು, ಮಾತ್ರೆಯವರು 1.43. ಅಂದರೆ ಕ್ಲಾಸ್ ಮಾತ್ರೆಗಿಂತ ಕಡೆಯೇನಲ್ಲ ಅಂತ ತೀರ್ಮಾನ. ಅಡ್ಡ ಪರಿಣಾಮವೂ ಕ್ಲಾಸಿನವರಲ್ಲಿ ಬಹಳ ಕಡಿಮೆ.

ಇಲ್ಲಿಯೂ ನನ್ನದೊಂದು ತಕರಾರು ಇದೆ. ಯಾರಿಗೆ ಏನು ಸಿಕ್ಕಿದೆ ಅಂತ ಅವರವರಿಗೆ ಗೊತ್ತಿತ್ತು. ಏನೂ ಕೊಡದ ಮೂರನೇ ಗುಂಪು ಇರಲಿಲ್ಲ. ಕ್ಲಾಸಿನವರಿಗೆ ವಾರಕ್ಕೊಮ್ಮೆ ತಮ್ಮಂಥವರ ಜೊತೆ ಕೂರುವ ಅವಕಾಶವೂ ಸಿಕ್ಕಿತ್ತು. ಅದರಲ್ಲಿ ಎಷ್ಟು ಪಾಲು ಧ್ಯಾನದ್ದು, ಎಷ್ಟು ಜೊತೆಯದ್ದು? ನನ್ನ ಮಟ್ಟಿಗೆ, "ನನಗೂ ಹಾಗೇ ಆಗುತ್ತೆ" ಅಂತ ಪರದೆಯ ಮೇಲಿನ ಇನ್ನೊಂದು ಚೌಕದಿಂದ ಕೇಳಿಬಂದದ್ದು ಯಾವ ಅಭ್ಯಾಸಕ್ಕೂ ಕಡಿಮೆಯಾಗಿರಲಿಲ್ಲ. ಇನ್ನೊಂದು ವಿಷಯ: ಎಲ್ಲ ಆತಂಕವೂ ಒಂದೇ ಅಲ್ಲ. ಜನರ ಮುಂದೆ ಬರಲು ಹೆದರುವ ಸೋಶಿಯಲ್ ಆಂಗ್ಸೈಟಿಗೆ ಮೈಂಡ್‌ಫುಲ್‌ನೆಸ್ ಕೋರ್ಸನ್ನು ವಾಡಿಕೆಯಾಗಿ ಕೊಡಬೇಡಿ ಅಂತ ಬ್ರಿಟನ್ನಿನ ನೈಸ್ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಲ್ಲಿ ಯೋಚನೆ, ನಡವಳಿಕೆಯನ್ನು ಬದಲಿಸುವ ಮಾತಿನ ಚಿಕಿತ್ಸೆಯಾದ ಸಿಬಿಟಿಗೇ ಮೊದಲ ಮಣೆ. ಜಾಹೀರಾತುಗಳು ಇದನ್ನು ಹೇಳುವುದಿಲ್ಲ. ಆತಂಕ ಅನ್ನುವ ಒಂದೇ ಚೀಲಕ್ಕೆ ಎಲ್ಲರನ್ನೂ ತುಂಬುತ್ತವೆ.

ನನ್ನ ಅಂಕಿ ಹೇಳುತ್ತೇನೆ. ಜಿಎಡಿ-7 ಅಂತ ಏಳು ಪ್ರಶ್ನೆಗಳ ಒಂದು ಪಟ್ಟಿ ಇದೆ. ಒಟ್ಟು 21 ಅಂಕ, ಜಾಸ್ತಿ ಬಂದಷ್ಟೂ ಆತಂಕ ಜಾಸ್ತಿ. 10 ಮುಟ್ಟಿದರೆ ಡಾಕ್ಟರ್ ಗಮನಿಸುತ್ತಾರೆ, 15 ಮುಟ್ಟಿದರೆ ತೀವ್ರ. ಕೋರ್ಸಿಗೆ ಮುಂಚೆ ನನ್ನದು 16. ಎಂಟನೇ ವಾರ 11. ಕಳೆದ ವಾರ 9. ಮಾತ್ರೆಯ ಪ್ರಮಾಣ ಬದಲಾಗಿಲ್ಲ. ಈ ನಡುವೆ ಆಫೀಸಿನಲ್ಲಿ ವರ್ಷದ ಕೊನೆಯ ಗಡಿಬಿಡಿ ಮುಗಿಯಿತು, ಅದರ ಪಾಲೂ ಇರಬಹುದು. ಇದು ಒಬ್ಬಳ ಲೆಕ್ಕ, ಅಷ್ಟೇ ಬೆಲೆ ಕೊಡಿ.

ಈಗ 45 ನಿಮಿಷ ಮಾಡುವುದಿಲ್ಲ. ಬೆಳಿಗ್ಗೆ ಹತ್ತು ನಿಮಿಷ, ಕುರ್ಚಿಯಲ್ಲಿ, ಕಣ್ಣು ತೆರೆದು, ಅಂಗಾಲು ನೆಲದ ಮೇಲೆ. ವಾರಕ್ಕೆ ನಾಲ್ಕು ದಿನ ಆದರೆ ದೊಡ್ಡದು. ರಾತ್ರಿ ಎರಡು ಗಂಟೆಗೆ ಈಗಲೂ ಏಳುತ್ತೇನೆ. ಮುಂಚೆ ಬೆಳಗಾಗುವವರೆಗೆ ತಪಾಸಣೆ ನಡೆಯುತ್ತಿತ್ತು. ಈಗ ಹೆಚ್ಚಿನ ದಿನ ಅರ್ಧ ಗಂಟೆಗೆ ಫೈಲು ಮುಚ್ಚುತ್ತೇನೆ.

ಸೇರುವ ಯೋಚನೆ ಇದ್ದರೆ, ಹಣ ಕಟ್ಟುವ ಮುಂಚೆ ಟೀಚರ್‌ಗೆ ಫೋನ್ ಮಾಡಿ ಕೇಳಿ: ಅಭ್ಯಾಸದ ನಡುವೆ ಪ್ಯಾನಿಕ್ ಆದರೆ ಏನು ಮಾಡುತ್ತೀರಿ? ಉಸಿರು ಬೇಡ ಅಂದರೆ ಬೇರೆ ಏನು ಕೊಡುತ್ತೀರಿ? ನನ್ನ ಡಾಕ್ಟರ್ ಜೊತೆ ಮಾತಾಡಬೇಕಾಗಿ ಬಂದರೆ ಮಾತಾಡುತ್ತೀರಾ? ಉತ್ತರ ತಡವರಿಸಿದರೆ ಬೇರೆ ಟೀಚರ್ ಹುಡುಕಿ. ಪ್ಯಾನಿಕ್ ಈಗ ತೀವ್ರವಾಗಿ ಇದ್ದರೆ, ನಿದ್ದೆ ಊಟ ಪೂರ್ತಿ ಕೆಟ್ಟಿದ್ದರೆ, ಜೀವ ಬೇಡ ಅನ್ನಿಸುತ್ತಿದ್ದರೆ, ಮೊದಲು ಡಾಕ್ಟರ್ ಹತ್ತಿರ ಹೋಗಿ. ಕೋರ್ಸ್ ಎಲ್ಲಿಗೂ ಓಡಿಹೋಗುವುದಿಲ್ಲ.

ಕೊನೆಯ ದಿನದ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಇದನ್ನೆಲ್ಲ ಬರೆದೆ, ಎರಡು ಪುಟ ಆಯಿತು. ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಎರಡು ತಿಂಗಳ ಮೇಲೆ ಟೀಚರ್ ಹೊಸ ಬ್ಯಾಚಿನ ಫಾರ್ಮ್ ಕಳಿಸಿದರು. ಬೆನ್ನುನೋವಿನ ಪ್ರಶ್ನೆಯ ಕೆಳಗೆ ಪ್ಯಾನಿಕ್ ಬಗ್ಗೆ ಒಂದು ಪ್ರಶ್ನೆ, ಮಾತ್ರೆಯ ಬಗ್ಗೆ ಇನ್ನೊಂದು ಸೇರಿತ್ತು. ಎರಡನೆಯದರಲ್ಲಿ ಒಂದು ಕಾಗುಣಿತ ತಪ್ಪಿತ್ತು. ನೋಡಿದೆ, ಬಿಟ್ಟೆ. ಮೂರೂವರೆ ಸ್ಟಾರ್ ಇದ್ದದ್ದನ್ನು ನಾಲ್ಕು ಮಾಡಿದ್ದೇನೆ.